ಹುಲಿಗೆವ್ವನ ಹೆಸರಿನ ಎಕ್ಸ್-ರೇ

...ಅಯ್ಯೋ, ಮಾತಾಡಬೇಡ, ಮಾತಾಡಬೇಡ ಮಾರಾಯ್ತಿ! ಗದ್ದಕ್ಕೆ ಪಟ್ಟಿ ಕಟ್ಟಿ, ತಲೆಯ ಹಿಂದೆ ಕಬ್ಬಿಣದ ತೂಕ ನೇತು ಹಾಕಿದ್ದಾರೆ. ಈಗ ನೀನು ಬಾಯಿ ಬಿಡ್ಲಿಕ್ಕೆ ಹೋದರೆ ಆ ಕುತ್ತಿಗೆ ಪುನಃ ಎಲ್ಲಿಗಾದರೂ ಹೋದೀತು. ನರ್ಸ್ ಬರ್ಥಾ ಸಿಸ್ಟರ್ ಹೇಳಿ ಹೋದದ್ದು ಕೇಳಿತಲ್ಲ? ಇಪ್ಪತ್ತು ನಿಮಿಷ! ಗಂಟೆ ಹೊಡೆಯುವವರೆಗೆ ದವಡೆ ಅಲ್ಲಾಡಿಸ್ಲಿಕ್ಕಿಲ್ಲ. ಕಣ್ಣು ಆಡಿಸು, ಕೈ ಆಡಿಸು, ಸಾಕು. ನಾಲ್ಕು ವರ್ಷದಲ್ಲಿ ಮೊದಲ ಸಲ ಹುಲಿಗೆವ್ವನ ಬಾಯಿ ಮುಚ್ಚಿದೆ... ಈ ರತ್ನಾವತಿ ಬಿಡ್ತಾಳಾ?

ನಗಾಡಬೇಡ! ನಗಾಡಿದರೂ ಪಟ್ಟಿ ಜಾರ್ತದೆ.

ಎಂತ? ಸ್ಟೂಲಾ? ಬೇಡ, ಬೇಡ. ನಾನು ನಿಂತೇ ಇರ್ತೇನೆ. ಕಾಪುವಿನಿಂದ ಉಡುಪಿವರೆಗೆ ಬಸ್ಸಿನಲ್ಲಿ ಕೂತು ಸಾಕಾಗಿದೆ. ಇಲ್ಲಿ ಕಿಟಕಿ ಹತ್ತಿರ ಒಳ್ಳೆ ಗಾಳಿ ಉಂಟು. ಇಕೋ, ಬಂಗುಡೆ ಮೀನಿನ ಪುಳಿಮುಂಚಿ ಸಾರು ತಂದಿದ್ದೇನೆ, ನಿನಗೆ ಬೇಕಾದಷ್ಟು ಖಾರ ಹಾಕಿ. ಕೆಳಗೆ ಇಡ್ಬೇಕಾ? ಅದಕ್ಕೆ ಯಾಕೆ ಬಗ್ಗುವುದು, ಈ ಮೇಜಿನ ಮೇಲೆಯೇ ಇರಲಿ. ಇಲಿ ಬರ್ತದೆ ಅಂತೀಯಾ? ಆಸ್ಪತ್ರೆಯ ಇಲಿಗೂ ಒಂದು ದಿನ ಒಳ್ಳೆ ಊಟ ಸಿಗಲಿ ಬಿಡು.

ನನ್ನ ಅತ್ತೆ ನಿನ್ನನ್ನು ಕೇಳಿದರು. "ಆ ಘಟ್ಟದ ಹುಡುಗಿ ಹೇಗಿದ್ದಾಳೆ" ಅಂತ. ಮೂವತ್ತೈದು ವರ್ಷದ ನೀನು ಹುಡುಗಿ, ನಿನ್ನ ಪ್ರಾಯದ ನಾನು ಮಾತ್ರ ಮುದುಕಿ! ಮುದುಕಿಯಾದರೂ ಇನ್ನೊಂದು ಮೊಮ್ಮಗ ಹೆತ್ತು ಕೊಡಬೇಕಂತೆ. ಮೊನ್ನೆಯೂ ಯಾವುದೋ ಹರಕೆ ಹೇಳಿಕೊಂಡು ಬಂದಿದ್ದಾರೆ. ಪಾಪ, ಎಂತ ಹರಕೆ ಹೇಳಿ ಎಂತ ಮಾಡುವುದು! ನಾವಿಬ್ಬರೂ ಹೋಗಿ ನನಗೆ ಕಾಪರ್-ಟಿ ಹಾಕಿಸಿಕೊಂಡು ಬಂದದ್ದು ಅವರಿಗೆ ಗೊತ್ತಾದರೆ ನನ್ನನ್ನು ಮೀನಿನ ಬುಟ್ಟಿ ಸಮೇತ ಸಮುದ್ರಕ್ಕೆ ಹಾಕಿಯಾರು. ನೀನು ಮಕ್ಕಳು ಸಾಕು ಅಂತ ಆಪರೇಶನ್ ಮಾಡಿಸಿಕೊಂಡು ಆರಾಮ ಇದ್ದೀ. ಅವತ್ತು ನರ್ಸ್ ಅದನ್ನು ಕೈಯಲ್ಲಿ ಹಿಡಿದು ತೋರಿಸಿದಾಗ ನಾನು ಎಂತ ಹೇಳಿದ್ದು? "ದೋಣಿಯ ಲಂಗರಿನ ಮರಿ!" ಅಲ್ವಾ? ನೀನು ಬಾಯಿಗೆ ಸೆರಗು ತುರುಕಿಕೊಂಡು ನಗಾಡಿದ್ದು... ಆಯ್ತು, ಆಯ್ತು, ಈಗ ನಗಾಡಬೇಡ ಅಂದೆನಲ್ಲ!

ನೀನು ಬಿದ್ದದ್ದೂ ಒಂದು ಚಂದ. ಮಣಿಪಾಲದ ಹಾಸ್ಟೆಲಿನ ಮೆಟ್ಟಿಲಿನಲ್ಲಿ, ನೆಲ ಒರೆಸುವ ಬಾಲ್ದಿ ಸಮೇತ, ಅಷ್ಟೂ ಹುಡುಗಿಯರ ಎದುರು. ನಾನು ಹಿಂದಿನ ಗೇಟಿನಲ್ಲಿ ಮೀನಿನ ಬುಟ್ಟಿ ಇಳಿಸಿಕೊಂಡು ಕಾಯ್ತಾ ಇದ್ದೇನೆ, ಇವಳು ಆಂಬುಲೆನ್ಸಿನಲ್ಲಿ ಮುಂದಿನ ಗೇಟಿನಿಂದ ಹೋಗಿ ಆಯ್ತು! ಆ ಗೇಟಿನಲ್ಲೇ ಅಲ್ವಾ ನಾವು ಮೊದಲು ಸಿಕ್ಕಿದ್ದು? ಗುಡಿಸುವ ಹಿಡಿಸೂಡಿ ಹಿಡಿದುಕೊಂಡು ಬಂದು "ಯಕ್ಕಾ, ಮೀನಾ ಹ್ಯಾಂಗ ಕೊಟ್ಟಿ?" ಅಂದೆ. ನಿನ್ನ ಕನ್ನಡ ನನಗೆ ತಿಳೀಲಿಲ್ಲ, ನನ್ನ ಕನ್ನಡ ನಿನಗೆ ತಿಳೀಲಿಲ್ಲ. ವ್ಯಾಪಾರ ಮಾತ್ರ ಆಯ್ತು.

ಹೂಂ, ಗೊತ್ತಾಯ್ತು. ಕೈಯಲ್ಲಿ ಗೀಚಿ ತೋರಿಸಬೇಡ. ನಿನ್ನೆ ನಾನು ಓದಿ ಹೇಳಿದ ಆ ಕಾಗದದ ವಿಷಯ ಅಲ್ವಾ? ಅದಕ್ಕೇ ಬಂದದ್ದು ನಾನು.

ಎಂತ ಜನ ಮಾರಾಯ್ತಿ ಈ ಇನ್ಶೂರೆನ್ಸ್ ಕಂಪನಿಯವರು! ಚೌತಿ ಹೊತ್ತಿಗೆ ನಿಮ್ಮ ಕಾಂಟ್ರಾಕ್ಟರ್ ಸಂಬಳದಲ್ಲಿ ಹಿಡಿದುಕೊಂಡು ಎಲ್ಲರಿಗೂ ಕಾರ್ಡ್ ಮಾಡಿಸಿ ಕೊಟ್ಟ. ಆಸ್ಪತ್ರೆ ಸೇರಿದರೆ ಖರ್ಚು ಕಂಪನಿಯದ್ದು ಅಂದ. ಸೇರಿದ ಮೇಲೆ ಈಗ ಎಂತ ಹೇಳ್ತಾರೆ? ಕಾರ್ಡ್ ಆದ ಒಂಬತ್ತನೇ ದಿನವೇ ಹುಲಿಗೆವ್ವ ಎನ್ನುವವರು ಇದೇ ಆಸ್ಪತ್ರೆಯಲ್ಲಿ ಸೊಂಟದ ಎಕ್ಸ್-ರೇ ತೆಗೆಸಿದ್ದಾರೆ, ಆದ್ದರಿಂದ ನೋವು ಮೊದಲೇ ಇತ್ತು, ಅದನ್ನು ಮುಚ್ಚಿಟ್ಟು ಕಾರ್ಡ್ ಮಾಡಿಸಿದ್ದಾರೆ, ಹಳೆಯ ಕಾಯಿಲೆಗೆ ದುಡ್ಡಿಲ್ಲ! ಬಿದ್ದು ನೋವಾದದ್ದು ಕುತ್ತಿಗೆ, ಅವರು ಹೇಳುವುದು ಸೊಂಟ. ಕೇಳಿದರೆ, ಬೆನ್ನುಮೂಳೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಂತ ಉತ್ತರ. ಎಷ್ಟು ಬುದ್ಧಿ ನೋಡು.

ನೀನು ಎಕ್ಸ್-ರೇ ತೆಗೆಸಲಿಲ್ಲ. ನನಗೆ ಗೊತ್ತುಂಟು. ನನಗೆ ಗೊತ್ತಿಲ್ಲದೆ ಮತ್ತೆ ಯಾರಿಗೆ ಗೊತ್ತು? ಅಂದರೆ... ಕಾರ್ಡ್ ನನ್ನ ಹತ್ತಿರವೇ ಇತ್ತಲ್ಲ, ಅದಕ್ಕೆ ಹೇಳಿದೆ. "ರತ್ನಕ್ಕಾ, ಕಲ್ಲಯ್ಯ ಮನ್ಯಾಗಿನ ತಪೇಲಿ ಸೈತ ಒತ್ತಿ ಇಡ್ತಾನ, ಇದು ನಿನ್ನ ಹಂತೇಕ ಇರಲಿ" ಅಂತ ನೀನೇ ತಂದು ಕೊಟ್ಟೆ. ನಿನ್ನ ಗಂಡ ದೊಡ್ಡ ಜನ ಬಿಡು, ಆದರೆ ಇನ್ಶೂರೆನ್ಸ್ ಕಾರ್ಡ್ ಯಾರು ಒತ್ತೆ ಇಟ್ಟುಕೊಳ್ತಾರೆ! ನಾನು ಎಲೆಅಡಿಕೆ ಚೀಲದಲ್ಲಿ ಭದ್ರ ಇಟ್ಟುಕೊಂಡೆ. ಎಲ್ಲೂ ಹೋಗಲಿಲ್ಲ ಅದು. ನನ್ನ ಸೊಂಟ ಬಿಟ್ಟು ಎಲ್ಲಿಗೂ ಹೋಗಲಿಲ್ಲ... ಚೀಲ ಸೊಂಟದಲ್ಲಿ ಸಿಕ್ಕಿಸುವುದಲ್ವಾ, ಹಾಗೆ.

ತಪ್ಪು ಕಂಪನಿಯದ್ದೇ. ಕಾರ್ಡಿನಲ್ಲಿ ಒಂದು ಫೋಟೊ ಹಾಕಿದ್ದರೆ ಅವರ ಗಂಟೇನು ಹೋಗ್ತಿತ್ತು? ಬರೀ ಹೆಸರು, ಹೆಂಗಸು, ವಯಸ್ಸು ಮೂವತ್ತೈದು. ಉಡುಪಿಯಲ್ಲಿ ಮೂವತ್ತೈದು ವರ್ಷದ ಹೆಂಗಸರಿಗೆ ಬರಗಾಲವಾ? ಆಮೇಲೆ ಕೌಂಟರಿನ ಮೇಲೆ ದೊಡ್ಡದಾಗಿ ಬರೆದು ಹಾಕಿದ್ದಾರೆ, ಬೇರೆಯವರ ಕಾರ್ಡ್ ತೋರಿಸಿದರೆ ಪೊಲೀಸ್ ಕೇಸ್ ಅಂತ. ಅಲ್ಲ, ನಾನು ಸುಮ್ಮನೆ ಓದಿದ್ದು. ಹೋಗ್ತಾ ಬರ್ತಾ ಕಣ್ಣಿಗೆ ಬೀಳ್ತದಲ್ಲ.

ಹನ್ನೊಂದು ಗಂಟೆಗೆ ಇನ್ಶೂರೆನ್ಸ್ ಕೌಂಟರಿನ ಶೇಖರಣ್ಣ ಬರ್ತಾರೆ, ನಿನ್ನ ಹೇಳಿಕೆ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸ್ತಾರೆ. ಅದಕ್ಕಿಂತ ಮೊದಲು ಒಂದು ಮಾತು ಹೇಳ್ಳಾ? ಕೋಪ ಮಾಡಬೇಡ. "ಹೌದು, ತೆಗೆಸಿದ್ದೆ, ಮರೆತು ಹೋಗಿತ್ತು" ಅಂತ ಹೇಳಿಬಿಡು. ಮುಗೀತು. ನೀನು ಬರ್ಥಾ ಸಿಸ್ಟರಿಗೆ ಹೇಳಿದ ಹಾಗೆ ಆ ಹಳೇ ಫಿಲ್ಮ್ ಹುಡುಕಿಸುವುದು, ನೋಡುವುದು, ಎಲ್ಲ ಬೇಡ. ಬಿಲ್ಲು ನಾನು ಕಟ್ತೇನೆ. ಈ ಎರಡು ಬಳೆ ಉಂಟಲ್ಲ... ಕಣ್ಣು ಯಾಕೆ ಅಷ್ಟು ದೊಡ್ಡದು ಮಾಡ್ತೀ? ಗೆಳತಿಗೆ ಗೆಳತಿ ಮಾಡಬಾರದಾ? ಹೌದು, ಮೀನು ಕೊಡುವಾಗ ಒಂದು ಬೂತಾಯಿ ಹೆಚ್ಚಿಗೆ ಹಾಕ್ಲಿಕ್ಕೆ ಜಗಳ ಮಾಡ್ತೇನೆ. ಅದು ವ್ಯಾಪಾರ. ಇದು ಬೇರೆ.

ಅಳಬೇಡ, ಅಯ್ಯೋ! ಕಣ್ಣೀರು ಸೀದಾ ಕಿವಿಗೆ ಹೋಗ್ತದೆ, ತಲೆ ತಿರುಗಿಸ್ಲಿಕ್ಕೂ ಇಲ್ಲ ನಿನಗೆ. ತಾಳು, ಒರೆಸ್ತೇನೆ... ಗೊತ್ತುಂಟು. ನಿನ್ನೆಯೂ ನೀನು ಅತ್ತದ್ದು ಬಿಲ್ಲಿಗಲ್ಲ. ಕಾಗದದಲ್ಲಿ ನಿನ್ನನ್ನು ಸುಳ್ಳು ಹೇಳಿದವಳು ಅಂತ ಬರೆದದ್ದಕ್ಕೆ. ಹುಡುಗಿಯರ ರೂಮಿನಲ್ಲಿ ಬಿದ್ದಿದ್ದ ಚಿನ್ನದ ಕಿವಿಯೋಲೆ ಹುಡುಕಿ ವಾಪಸು ಕೊಟ್ಟವಳು ನೀನು. ನನಗೆ ಗೊತ್ತಿಲ್ವಾ?

ಆದರೂ ಒಂದು ಎಕ್ಸ್-ರೇಗೆ ಇಷ್ಟು ರಾಮಾಯಣ! ಅಲ್ಲಿ ಎಂತ ಸುಖ ಉಂಟು ಅಂತ ಜನ ಹೋಗ್ತಾರೆ? ಆ ಕೋಣೆಯ ಚಳಿ ಗೊತ್ತುಂಟಾ ನಿನಗೆ? ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಬೂತಾಯಿ ಮಲಗಿಸಿದ ಹಾಗೆ ಮಲಗಿಸ್ತಾರೆ. ಹಿಂದೆ ಲಾಡಿ ಕಟ್ಟುವ ಅಂಗಿ, ಕಟ್ಟಿದರೂ ಮಾನ ಇಲ್ಲ, ಕಟ್ಟದಿದ್ದರೂ ಮಾನ ಇಲ್ಲ. ಉಸಿರು ಹಿಡಿ ಅಂತಾರೆ, ಬಿಡು ಅಂತ ಹೇಳ್ಲಿಕ್ಕೆ ಮರೀತಾರೆ...

ಎಂತ? ಯಾಕೆ ಹಾಗೆ ನೋಡ್ತೀ? ಗುಣವತಿ ಹೇಳಿದ್ದು! ನನ್ನ ಓರಗಿತ್ತಿ ಗುಣವತಿ, ಗೊತ್ತಲ್ಲ ನಿನಗೆ. ಹೌದು, ಅವಳು ತೆಗೆಸಿದ್ದು ಕೈಯದ್ದು. ಕೈಯದ್ದಾದರೂ ಮಲಗಿಸ್ತಾರೆ... ಮಲಗಿಸುವುದಿಲ್ವಾ? ನನಗೆ ಹೇಗೆ ಗೊತ್ತಿರ್ತದೆ! ನಾನು ಆ ಬಾಗಿಲು ದಾಟಿದವಳೇ ಅಲ್ಲ. ಮೂವತ್ತು ಕಿಲೋ ತಲೆಯ ಮೇಲೆ ಹೊರುವವಳು ನಾನು, ನನಗೆ ಎಂತ ಬಂದಿದೆ?

ಸೊಂಟಕ್ಕೆ ಯಾಕೆ ಕೈ ಕೊಟ್ಟದ್ದು ಅಂತಲಾ? ಚೀಲ ಉಂಟಾ ನೋಡಿದ್ದು.

ಓ, ಬರ್ಥಾ ಸಿಸ್ಟರ್... ಎಂತ ಅದು? ಫಿಲ್ಮಾ? ಸಿಕ್ಕಿತಾ ಅಷ್ಟು ಬೇಗ! ಯಾರೂ ತೆಗೆದುಕೊಂಡು ಹೋಗದೆ ಅಲ್ಲೇ ಬಿದ್ದಿತ್ತಾ... ಕೊಡಿ, ಕೊಡಿ, ನಾನು ಹಿಡಿದುಕೊಳ್ತೇನೆ. ಅವಳು ಹೇಗೆ ನೋಡ್ತಾಳೆ ಸಿಸ್ಟರ್, ಕುತ್ತಿಗೆಯಲ್ಲಿ ತೂಕ ನೇತಾಡ್ತಾ ಉಂಟು. ಮಂಚದ ಮೇಲೆ ಇಡಬೇಡಿ, ಜಾರಿ ಬೀಳ್ತದೆ... ಹುಲಿಗೆವ್ವಾ, ಕೈ ಬಿಡು. ಕವರು ಹರೀತದೆ. ಬಿಡು ಮಾರಾಯ್ತಿ. ಕುತ್ತಿಗೆ ಕಟ್ಟಿದರೂ ನಿನ್ನ ಕೈಗೆ ಎಂತ ಬಲ!

ಆಯ್ತು, ಗಂಟೆ ಹೊಡೀತು. ತೆಗೀರಿ ಸಿಸ್ಟರ್, ಪಟ್ಟಿ ತೆಗೀರಿ, ನಿಧಾನ... ಹಾಂ. ಈಗ ಮಾತಾಡು ನೋಡುವ. ಕುತ್ತಿಗೆ ಹಗುರ ಆಯ್ತಾ? ಮೊದಲು ಒಂದು ತುತ್ತು ಊಟ ಮಾಡು, ಫಿಲ್ಮ್ ಎಲ್ಲಿಗೂ ಓಡುವುದಿಲ್ಲ. ಬಂಗುಡೆ ಆರಿದರೆ...

ಬೆಳಕಿಗೆ ಹಿಡಿದು ಎಂತ ನೋಡ್ತೀ? ನಿನಗೆ ಎಂತ ತಿಳೀತದೆ ಅದು? ಎಲ್ಲರ ಎಲುಬೂ ಹಾಗೇ ಇರ್ತದೆ, ಬಸಳೆ ದಂಟಿನ ಹಾಗೆ. ನನ್ನದಾದರೂ ನಿನ್ನದಾದರೂ...

ಅಲ್ಲಿ ಯಾಕೆ ಬೆರಳು ಇಟ್ಟೆ?

ಅದು ಎಂತದ್ದೋ ಕಲೆ. ಫಿಲ್ಮಿನಲ್ಲಿ ಗೀರು ಬಿದ್ದಿರಬೇಕು. ಸಣ್ಣ, ಬಿಳಿ... ಹೌದು, ಮೇಲೆ ಅಡ್ಡ ಒಂದು ಗೆರೆ, ಕೆಳಗೆ ನೇರ ಒಂದು ಗೆರೆ, ಲಂಗರಿನ ಹಾಗೆ... ಹುಲಿಗೆವ್ವಾ, ಹಾಗೆ ನೋಡಬೇಡ. ಪಟ್ಟಿ ತೆಗೆದಾಯ್ತಲ್ಲ. ಬಾಯಿ ಉಂಟಲ್ಲ ಈಗ. ಬೈ. ನಿಮ್ಮ ಊರಿನ ಬೈಗುಳ ಎಲ್ಲ ಬೈ, ನನಗೆ ಅರ್ಥ ಆಗದ್ದನ್ನೂ ಬೈ.

ಎಂತಕ್ಕೆ ಹತ್ತಿರ ಕರೀತೀ? ಹೊಡೀತೀಯಾ? ಹೊಡಿ. ಇಕೋ ಬಂದೆ... ಎಲ್ಲಿಗೆ ಕೈ ಹಾಕ್ತೀ? ಸೊಂಟಕ್ಕೆ ಬೇಡ... ಆ! ಅಯ್ಯಯ್ಯೋ!

...ಹೌದು.

ಅಲ್ಲೇ. ಸ್ವಲ್ಪ ಎಡಕ್ಕೆ. ಅಲ್ಲೇ.

ಚೌತಿ ಕಳೆದು ಒಂದು ವಾರಕ್ಕೆ, ಮಣಿಪಾಲದಲ್ಲಿ ಬುಟ್ಟಿ ಎತ್ತಲಿಕ್ಕೆ ಅಂತ ಬಗ್ಗಿದೆ, ಏಳ್ಲಿಕ್ಕೆ ಆಗಲಿಲ್ಲ. ಚಿಲ್ಲರೆ ಬಿದ್ದು ಹೋದವರ ಹಾಗೆ ರಸ್ತೆಯಲ್ಲಿ ಬಗ್ಗಿಕೊಂಡೇ ಇದ್ದೆ, ಬಸ್ಸು ಎರಡು ಹೋಯ್ತು. ಮನೆಯಲ್ಲಿ ಹೇಳಿದರೆ ಬುಟ್ಟಿ ಗುಣವತಿಗೆ ಹೋಗ್ತದೆ, ನಾನು ಅಡುಗೆ ಕೋಣೆಗೆ. ಬುಟ್ಟಿ ಹೋದರೆ ನನಗೆ ಎಂತ ಉಂಟು ಹೇಳು? ಬಸ್ಸಿಲ್ಲ, ಮಣಿಪಾಲ ಇಲ್ಲ, ಆ ಹಿಂದಿನ ಗೇಟಿಲ್ಲ, ನೀನಿಲ್ಲ. ಕಾರ್ಡ್ ತೋರಿಸಿದರೆ ಎಕ್ಸ್-ರೇ ಅರ್ಧ ರೇಟು ಅಂತ ನೀನೇ ಹೇಳಿದ್ದೆ. ಚೀಲದಲ್ಲಿ ಕಾರ್ಡ್ ಇತ್ತು. ಕೌಂಟರಿನಲ್ಲಿ ಹೆಸರು ಕೇಳಿದರು, ಹುಲಿಗೆವ್ವ ಅಂದೆ. ನನ್ನ ಹೆಸರೇ ಹೇಳಿದ ಹಾಗೆ ಬಾಯಿಗೆ ಬಂತು. ಫಿಲ್ಮ್ ಮನೆಗೆ ಹೇಗೆ ತೆಗೆದುಕೊಂಡು ಹೋಗುವುದು? ಅಲ್ಲೇ ಬಿಟ್ಟು ಓಡಿದೆ. ನಿನಗೆ ಹೀಗೆ ಸುತ್ತಿಕೊಳ್ತದೆ ಅಂತ ನನಗೆ ಗೊತ್ತಿತ್ತಾ? ನಿನ್ನೆ ಆ ಕಾಗದ ಓದುವಾಗಲೇ ಹೇಳಬೇಕಿತ್ತು. ಹೆದರಿದೆ. ಪೊಲೀಸಿಗಲ್ಲ... ಪೊಲೀಸಿಗೂ ಹೆದರಿದೆ. ಆದರೆ ನಿನಗೆ ಹೆಚ್ಚು.

ಇನ್ನೂ ಕೈ ತೆಗೆಯುವುದಿಲ್ವಾ ಅಲ್ಲಿಂದ? ಇರಲಿ. ಸ್ವಲ್ಪ ಒತ್ತು.

ಹಾಂ, ಬಂದರು. ಬನ್ನಿ ಶೇಖರಣ್ಣ, ಬನ್ನಿ. ಹೆಬ್ಬೆಟ್ಟಿನ ಡಬ್ಬಿ ಮುಚ್ಚಿ. ಇವಳು ಎಂತ ಹೇಳ್ಲಿಕ್ಕೂ ಇಲ್ಲ. ಹೇಳುವುದು ನಾನು, ನನಗೆ ಸಹಿ ಹಾಕ್ಲಿಕ್ಕೆ ಬರ್ತದೆ. ಬರೀರಿ: ಹುಲಿಗೆವ್ವ ಒಂದು ಸುಳ್ಳೂ ಹೇಳಲಿಲ್ಲ, ಈ ಫಿಲ್ಮಿನಲ್ಲಿ ಇರುವ ಸೊಂಟ ಕಾಪುವಿನ ರತ್ನಾವತಿಯದ್ದು. ಸಾಕ್ಷಿಯಾ? ಸಾಕ್ಷಿ ಉಂಟು, ಅದನ್ನು ಬರ್ಥಾ ಸಿಸ್ಟರಿಗೆ ತೋರಿಸ್ತೇನೆ, ನಿಮಗಲ್ಲ. ಆ ಲಂಗರಿನ ವಿಷಯ ಕಾಗದದಲ್ಲಿ ಬರುವುದು ಬೇಡ, ನನ್ನ ಅತ್ತೆಗೆ ಓದ್ಲಿಕ್ಕೆ ಬರ್ತದೆ. ಯಾವ ಲಂಗರು ಅಂತ ಕೇಳಬೇಡಿ. ಉಳಿದದ್ದೆಲ್ಲ ಒಂದೂ ಬಿಡದೆ ಹೇಳ್ತೇನೆ, ತಾಳಿ, ಕೂತುಕೊಂಡು ಹೇಳ್ತೇನೆ.

ಹುಲಿಗೆವ್ವಾ, ಸ್ವಲ್ಪ ಆಚೆ ಸರಿ ಮಾರಾಯ್ತಿ. ಆಗಿನಿಂದ ನಿಂತು ನಿಂತು ನನ್ನ ಸೊಂಟ ಹೋಯ್ತು.