ಉಬ್ಬರದ ಹೊತ್ತು

...ರಂಜಾನ್ ಹಬ್ಬದ ಮಾರನೇ ದಿನ ಅಕ್ಕಾ, ನಾನು ಮೊದಲ ಸಲ ಮನೆ ಬಿಟ್ಟಿದ್ದು! ಶಾಲೆಯ ಹಲಗೆಯನ್ನ ಕಾಲುವೆಗೆ ಎಸೆದು... ಯಾಕೆ ನಗ್ತೀಯಾ? ಆಗ ಹನ್ನೊಂದು ವರ್ಷ ನನಗೆ. ನಗು, ನಗು. ಭಾವ ಸತ್ತು ನಲವತ್ತು ದಿನ, ಇವತ್ತು ನಿನ್ನ ಹಲ್ಲು ಕಂಡೆ.

ಅವತ್ತು ಹತ್ತಿದ ದೋಣಿ, ಇನ್ನೂ ಇಳಿದಿಲ್ಲ. ‘ಈ ಖಲಫನಿಗೆ ಅಕ್ಷರ ಬರಲ್ಲ, ನದಿ ಬರುತ್ತೆ’ ಅಂತ ದಾಗರ್ ಭಾವನೇ ಛೇಡಿಸ್ತಿದ್ದ.

ಭಾವ ಸತ್ತ ದಿನ ನಾನಿಲ್ಲಿ ಇದ್ದಿದ್ರೆ... ಇರಲಿಲ್ಲವಲ್ಲ! ನದಿಯ ಮೇಲ್ಗಡೆ, ಬಸ್ರಾದಲ್ಲಿದ್ದೆ. ಎಷ್ಟು ಸಲ ಹೇಳಲಿ? ಇಂಗ್ಲಿಷರ ಸರ್ಕಾರಕ್ಕೆ ಯುದ್ಧಕ್ಕೆ ಎಣ್ಣೆ ಬೇಕು. ನಮ್ಮ ಅಬಾದಾನದ ಎಣ್ಣೆ ಎಲ್ಲಿ ಜರ್ಮನರ ಪಾಲಾಗುತ್ತೋ ಅನ್ನೋ ಭಯ. ಅದಕ್ಕೇ ನುಗ್ಗಿದ್ರು. ನಮ್ಮ ಇರಾನಿನ ಷಾನ ಯುದ್ಧಹಡಗಿನವರು ಕಣ್ಣುಜ್ಜಿಕೊಳ್ಳೋ ಮೊದಲೇ ಗುಂಡು! ಅದರಲ್ಲಿ ಅಡುಗೆ ಮಾಡ್ಕೊಂಡಿದ್ದ ಭಾವ ಏನು ಮಾಡಿದ್ದ, ಪಾಪ?

ಹಾಗೆ ನೋಡಬೇಡ. ಪೇಟೆ ಹೆಂಗಸರು ಆ ಇಂಗ್ಲಿಷ್ ಸಾಹೇಬನ ವಿಷಯ ಹೇಳಿರಬೇಕು. ಹೌದು, ಬೇಸಿಗೇಲಿ ಒಬ್ಬನನ್ನ ದೋಣೀಲಿ ಸುತ್ತಾಡಿಸಿದೆ. ಗಳ ಇಳಿಸಿ ಇಳಿಸಿ ಆಳ ನೋಡಿದ. ಎಣ್ಣೆ ಹಡಗಿಗೆ ದಾರಿ ಅಂದ. ಬೆಳಗಿನ ಜಾವ ಉಬ್ಬರ ಯಾವತ್ತು ಬರುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ ಅಂತ ಕೇಳಿದ. ಹೇಳಿದೆ! ಖರ್ಜೂರದ ತೋಟಕ್ಕೆ ನೀರು ಬಿಡೋ ಮಕ್ಕಳಿಗೂ ಗೊತ್ತಿರೋದು, ಅದರಲ್ಲಿ ಮುಚ್ಚಿಡೋದೇನು?

ಭಾವ ನರಳಲಿಲ್ಲ ಅಕ್ಕಾ. ಆ ಒಂದು ನೆಮ್ಮದಿ ಇಟ್ಕೋ. ನದಿ ತುಂಬಿ ನಿಂತಿತ್ತು. ಹಡಗಿನ ಅಡುಗೆಮನೆ ಕಿಂಡೀಲಿ ದೀಪ. ಅದೇ ಹಾಳು ಹಾಡು ಗುನುಗ್ತಾ ಪಾತ್ರೆ ತೊಳೀತಿದ್ದ. ನಾನು ಕೂಗೋಷ್ಟರಲ್ಲಿ...

...

ಯಾಕಕ್ಕಾ ಕೈ ನಿಲ್ಲಿಸಿದೆ? ನಾದು, ಹಿಟ್ಟು ಒಣಗುತ್ತೆ.

ಯಾರೋ ಹೇಳಿದ್ರು ಅದನ್ನ. ಬಸ್ರಾದಲ್ಲಿ... ಯಾರೋ...

ಹಿಟ್ಟು ನೋಡಬೇಡ, ನನ್ನ ನೋಡು ಅಕ್ಕಾ!

...

ಆ ರಾತ್ರಿ ಇಂಗ್ಲಿಷರು ನನ್ನನ್ನ ಎಲ್ಲಕ್ಕಿಂತ ಮುಂದಿದ್ದ ದೋಣೀಲಿ ಕೂರಿಸಿದ್ರು. ದಾರಿ ತೋರಿಸು, ಎಣ್ಣೆ ಕಾರ್ಖಾನೆ ಕಾಯೋಕೆ ಅಷ್ಟೇ, ಯಾರಿಗೂ ಏನೂ ಆಗಲ್ಲ ಅಂದ್ರು. ನಂಬಿದೆ. ಭಾವನ ಹಡಗು ಅಲ್ಲೇ ಕಟ್ಟಿದೆ ಅಂತ ಗೊತ್ತಿತ್ತು... ಗೊತ್ತಿತ್ತು ಅಕ್ಕಾ. ಆದರೂ ನಂಬಿದೆ.

ಬಯ್ಯಿ. ಉಗಿ. ಆ ಲಟ್ಟಣಿಗೆ ತಗೊಂಡು ಹೊಡಿ!

ಅಯ್ಯೋ, ಇದೇನು... ಹಿಟ್ಟಿನ ಕೈಯಲ್ಲೇ ಮುಸುಕು ಎಳ್ಕೊಂಡೆಯಲ್ಲ! ನನ್ನ ಮುಂದೆ? ನಾನು ನಿನ್ನ ತಮ್ಮ ಕಣೇ! ಹೊರಗಿನ ಗಂಡಸಲ್ಲ... ಹಸ್ನಾ... ಅಕ್ಕಾ...

ಆಯ್ತು.

ಇದೊಂದು ಅಂಗಿ ಮಡಚಿಕೊಂಡು ಹೊರಟುಬಿಡ್ತೀನಿ. ಆಮೇಲೆ ಮುಸುಕು ತೆಗೆದುಬಿಡು... ಸೆಕೆ ಇದೆ.