ಒಂದೇ ವಿಳಾಸ, ಎರಡು ಕಂಪನಿ

ನಡುವಿನ ದೊಡ್ಡ ಕುರ್ಚಿಯನ್ನು ತುಂಬಿ ಕುಳಿತಿರುವ ಅಧ್ಯಕ್ಷರೇ, ದೂರದಿಂದ ಬಂದೂ ಹತ್ತಿರದವರಂತೆ ನಗುತ್ತಿರುವ ಮುಖ್ಯ ಅತಿಥಿಗಳೇ, ಅಂಚೆಚೀಟಿ ಮತ್ತು ನಾಣ್ಯ ಸಂಗ್ರಾಹಕರ ಸಂಘದ ಪದಾಧಿಕಾರಿಗಳೇ, ನನ್ನ ಸರದಿ ಬಂದ ಕೂಡಲೇ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡಿರುವ ನನ್ನ ಅಣ್ಣನವರೇ, ಊಟ ಇನ್ನೂ ತಯಾರಾಗಿಲ್ಲ ಎಂಬ ಒಂದೇ ಕಾರಣಕ್ಕೆ ಕುಳಿತಿರುವ ಸಭಿಕರೇ,

ನಮ್ಮಿಬ್ಬರಿಗೂ ಇಂದು ಸನ್ಮಾನ ಮಾಡಿದ್ದೀರಿ. ನಮ್ಮ ಅಂಚೆ ವ್ಯಾಪಾರ ಬೆಳೆದು ಬಂದ ದಾರಿಯನ್ನು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಸಭೆಯಲ್ಲಿ ಅಣ್ಣನಿಗೆ ಬಹುವಚನ ಕೊಡಬೇಕೆಂದು ಅತ್ತಿಗೆಯ ಅಪ್ಪಣೆ. ಎರಡನ್ನೂ ಪಾಲಿಸುತ್ತೇನೆ. ನಡುವೆ ಎಲ್ಲಾದರೂ ಮರೆತರೆ ಕಾರ್ಯದರ್ಶಿಗಳು ಕ್ಷಮಿಸುತ್ತಾರೆ, ಅತ್ತಿಗೆಯ ವಿಷಯ ಹೇಳಲಾರೆ.

ಈ ವ್ಯಾಪಾರ ಹುಟ್ಟಿದ್ದು ಹೇಗೆ? ದೂರದೃಷ್ಟಿಯಿಂದಲೇ? ಬಂಡವಾಳದಿಂದಲೇ? ಇಲ್ಲ ಸ್ವಾಮಿ, ಜನ ನನಗೆ ಟೋಪಿ ಹಾಕಿದ್ದರಿಂದ. ನಾನಾಗ ಸಿಟಿ ಬಸ್ಸಿನ ಕಂಡಕ್ಟರ್. ನೂಕುನುಗ್ಗಲಿನಲ್ಲಿ ನನ್ನ ಕೈಗೆ ಏನೇನು ತುರುಕುತ್ತಿದ್ದರು! ಯಾವ ಕಾಲದ್ದೋ ತೂತಿನ ಕಾಸು, ಯಾವ ದೇಶದ್ದೋ ಬೆಳ್ಳಿ ಬಿಲ್ಲೆ, ಒಮ್ಮೆ ಕೋಟಿನ ಗುಂಡಿ. ಡಿಪೋದಲ್ಲಿ ಅವನ್ನು ಯಾರೂ ಮುಟ್ಟುತ್ತಿರಲಿಲ್ಲ. ಎಲ್ಲವೂ ನನ್ನ ಬಿಸ್ಕತ್ತಿನ ಡಬ್ಬಿ ಸೇರುತ್ತಿದ್ದವು. ಅಣ್ಣನವರು ಹಡಗು ಕಂಪನಿಯೊಂದರ ಟಪಾಲು ಗುಮಾಸ್ತರು. ಪರದೇಶದ ಲಕೋಟೆಗಳನ್ನು ಒಡೆಯುವುದು ಅವರ ಕೆಲಸ, ಖಾಲಿ ಲಕೋಟೆಗಳನ್ನು ಮನೆಗೆ ಹೊತ್ತು ತರುವುದು ಅವರ ಚಟ. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ದಿನ ಅತ್ತಿಗೆ ಪೊರಕೆ ಹಿಡಿದುಕೊಂಡೇ ಹೇಳಿದರು: "ನಿಮ್ಮ ಲಕೋಟೆ, ಇವನ ಡಬ್ಬಿ, ಎರಡೂ ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ನಾನು ಹೋಗ್ತೀನಿ. ಪೇಪರಲ್ಲಿ ಒಂದು ಜಾಹೀರಾತು ಹಾಕಿ, ಯಾರಾದ್ರೂ ಹುಚ್ಚರು ತಗೋತಾರೆ."

ಆ ಹುಚ್ಚರೇ, ಸಭಿಕರೇ, ತಾವು.

ಜಾಹೀರಾತು ಬಂದ ವಾರದಲ್ಲೇ ಪೋಸ್ಟ್‌ಮ್ಯಾನ್ ಸೈಕಲ್ಲಿನಿಂದ ಚೀಲ ಇಳಿಸಿ, "ಏನ್ ಸಾರ್, ಮನೇಲಿ ಮದುವೆ ಇದೆಯಾ?" ಎಂದು ಕೇಳಿದ. ನಾವು ನೌಕರಿ ಬಿಟ್ಟೆವು. ಮುಂದಿನ ಕೋಣೆಯಲ್ಲಿ ಅಣ್ಣನವರ ಸ್ಟಾಂಪು, ಹಿಂದಿನ ಕೋಣೆಯಲ್ಲಿ ನನ್ನ ನಾಣ್ಯ, ನಡುವೆ ಅಡುಗೆಮನೆ. ಲಕೋಟೆಯಿಂದ ಸ್ಟಾಂಪು ಬಿಡಿಸಲು ನೀರಿನಲ್ಲಿ ನೆನೆಹಾಕಬೇಕಲ್ಲ? ಮನೆಯ ಪಾತ್ರೆಗಳೆಲ್ಲ ಅದಕ್ಕೇ ಮೀಸಲು. ಒಣಗಿಸಲು ಹಾಸಿಗೆ, ಕುರ್ಚಿ, ಕಿಟಕಿಯ ಕಟ್ಟೆ. ಒಮ್ಮೆ ಗಡಿಬಿಡಿಯಲ್ಲಿ ಆ ಕುರ್ಚಿಯ ಮೇಲಿದ್ದ ಶರ್ಟು ತೊಟ್ಟು ಸ್ನೇಹಿತನ ಮದುವೆಗೆ ಹೋಗಿದ್ದೆ. ಒಬ್ಬ ಹುಡುಗಿ ಹಿಂದಿನಿಂದ ಬಂದು, "ಸ್ವಲ್ಪ ನಿಲ್ಲಿ, ನಿಮ್ಮ ಬೆನ್ನಿಗೆ ಯಾರೋ ಮಹಾರಾಣಿ ಅಂಟಿಕೊಂಡಿದಾಳೆ" ಎಂದು ಸ್ಟಾಂಪು ಕಿತ್ತು ಕೊಟ್ಟಳು. ಆ ಮಹಾರಾಣಿಯನ್ನು ಅಣ್ಣನವರು ಯಾರಿಗೋ ಮಾರಿದರು. ಕಿತ್ತವಳು ಮಾತ್ರ ನಮ್ಮ ಮನೆಯಲ್ಲೇ ಉಳಿದಳು. ಇದನ್ನು ಹೇಳಬಾರದು ಎಂದು ಮನೆಯಲ್ಲಿ ಒಪ್ಪಂದವಾಗಿತ್ತು. ಹೋಗಲಿ, ಹೇಳಿಯಾಯಿತು.

ಇನ್ನು ಫ್ಯಾನಿನ ಪ್ರಕರಣ. ತಪ್ಪು ಯಾರದೆಂದು ನಾನು ಹೇಳುವುದಿಲ್ಲ, ತಾವೇ ನಿರ್ಣಯಿಸಿ. ಸುಡು ಬೇಸಿಗೆಯ ಮಧ್ಯಾಹ್ನ. ಅಣ್ಣನವರು ಕಿಟಕಿ ತೆರೆದಿಟ್ಟು, ಮುಂದಿನ ಕೋಣೆಯ ನೆಲದ ತುಂಬ ದೇಶ ದೇಶಗಳ ಸ್ಟಾಂಪುಗಳನ್ನು ಸಾಲಾಗಿ ಹರಡಿ, ಚಿಮುಟ ಹಿಡಿದು ಕುಳಿತಿದ್ದರು. ಬಿಸಿಲಿನಿಂದ ಬಂದ ಮನುಷ್ಯ ಮೊದಲು ಏನು ಮಾಡುತ್ತಾನೆ? ತಾವಾದರೂ ಏನು ಮಾಡುತ್ತೀರಿ? ನಾನೂ ಅದನ್ನೇ ಮಾಡಿದೆ. ಫ್ಯಾನು ಹಾಕಿದೆ.

ಖಂಡಗಳೆಲ್ಲ ಎದ್ದು ಹಾರಿದವು. ದ್ವೀಪಗಳು ಕಿಟಕಿಯಿಂದ ಬೀದಿಗೆ ಹೋದವು. ಒಂದು ಗಣರಾಜ್ಯ ನೇರವಾಗಿ ಸಾರಿನ ಪಾತ್ರೆಗೆ ಬಿತ್ತು.

"ನಿನಗೇನೋ ಗೊತ್ತು ಸ್ಟಾಂಪಿನ ಬೆಲೆ? ನಿನ್ನ ಕೈಗೆ ಬರೋದೆಲ್ಲ ಓಡದ ಕಾಸು!" ಎಂದರು ಅಣ್ಣನವರು.

"ಓಡಲ್ಲ ನಿಜ, ಹಾರೋದೂ ಇಲ್ಲ!" ಎಂದೆ ನಾನು.

ಅಷ್ಟೇ. ಮಾತು ನಿಂತಿತು. ಕಂಪನಿ ಎರಡಾಯಿತು, ಕ್ಯಾಟಲಾಗೂ ಎರಡಾಯಿತು, ವಿಳಾಸ ಮಾತ್ರ ಒಂದೇ ಉಳಿಯಿತು. "ಅತ್ತಿಗೆ, ಅವರಿಗೆ ಹೇಳಿ" ಎಂದು ನಾನು. "ಏನೇ, ಅವನಿಗೆ ಹೇಳು" ಎಂದು ಅಣ್ಣನವರು. ಕೊನೆಗೆ ಅತ್ತಿಗೆ ರೇಗಿದರು: "ನಾನೇನು ಅಂಚೆ ಕಚೇರಿನಾ? ಅಷ್ಟು ಹೇಳೋದಿದ್ರೆ ಕಾರ್ಡು ಬರೀರಿ!"

ಬರೆದೆವು. ನಗಬೇಡಿ, ನಿಜವಾಗಿಯೂ ಬರೆದೆವು. ಹಿಂದಿನ ಕೋಣೆಯ ಕಾರ್ಡು ಬೀದಿಯ ಡಬ್ಬಿಗೆ ಬಿದ್ದು, ದೊಡ್ಡ ಅಂಚೆ ಕಚೇರಿಗೆ ಹೋಗಿ, ಠಸ್ಸೆ ಹಾಕಿಸಿಕೊಂಡು, ಮುಂದಿನ ಕೋಣೆಗೆ ಬರುತ್ತಿತ್ತು. "ತಾವು ಬಚ್ಚಲುಮನೆಯಲ್ಲಿ ಹಾಡುವುದನ್ನು ನಿಲ್ಲಿಸಬೇಕಾಗಿ ವಿನಂತಿ" ಎಂದು ನಾನು ಬರೆದೆ. "ತಮ್ಮ ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ಹಾಡು ಮುಂದುವರಿಯಿತು. ಕಾರ್ಡೆಂದ ಮೇಲೆ ಪೋಸ್ಟ್‌ಮ್ಯಾನೂ ಓದುತ್ತಿದ್ದ. "ಸಾರ್, ನಾನು ಮಧ್ಯೆ ಬರಬಾರದು, ಆದ್ರೂ ಈ ಸಲ ತಪ್ಪು ನಿಮ್ದೇ ಅನ್ಸುತ್ತೆ" ಎಂದು ಸೈಕಲ್ ಮೇಲಿಂದಲೇ ತೀರ್ಪು ಕೊಟ್ಟು ಹೋಗುತ್ತಿದ್ದ.

ಹೀಗೆ ಎಷ್ಟೋ ವರ್ಷ ಕಳೆದವು. ನಮ್ಮ ಮಕ್ಕಳೆಲ್ಲ ಒಟ್ಟಿಗೇ ಆಡಿದರು, ಹೆಂಗಸರು ಒಟ್ಟಿಗೇ ನಕ್ಕರು, ನಾವಿಬ್ಬರು ಮಾತ್ರ ಅಂಚೆಯಲ್ಲಿ ಬದುಕಿದೆವು. ಕಡೆಗೆ ನನಗೆ ಸಾಕಾಯಿತು. ಬೇರೆ ಬಡಾವಣೆಯಲ್ಲಿ ಬಾಡಿಗೆ ಮನೆ ನೋಡಿಬಂದೆ. ಅತ್ತಿಗೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. "ನಿಮ್ಮಣ್ಣಂಗೆ ನೀನೇ ಹೇಳು. ಇದನ್ನ ನಾನು ಹೇಳಲ್ಲ" ಎಂದರು. ಹೇಳುವುದು ಹೇಗೆ? ಕಾರ್ಡಿನಲ್ಲೇ? ಕಾರ್ಡು ಕೈಗೆತ್ತಿಕೊಂಡೆ, ಇಟ್ಟೆ. ಮತ್ತೆ ಎತ್ತಿಕೊಂಡೆ. ಅಷ್ಟರಲ್ಲಿ ಅಂಚೆ ನೌಕರರ ಮುಷ್ಕರ ಶುರುವಾಯಿತು.

ಅಂಚೆಯಲ್ಲೇ ಉಸಿರಾಡುವ ಮನೆಗೆ ಮುಷ್ಕರವೆಂದರೆ ಏನು? ಪಾರ್ಸೆಲ್ಲುಗಳು ನಡುಮನೆಯಲ್ಲಿ ಗೋಡೆಯಂತೆ ಬೆಳೆದವು. ಆಗ ಅಣ್ಣನವರಿಗೆ ಒಂದು ದೊಡ್ಡ ಫಜೀತಿ. ಇನ್ನೊಂದು ಊರಿನ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿಗೆ ಒಂದು ಅಪರೂಪದ ಸ್ಟಾಂಪು ಕಳಿಸುತ್ತೇನೆಂದು ಮಾತು ಕೊಟ್ಟಿದ್ದರು. ಅವರ ಆಲ್ಬಮ್ಮಿನಲ್ಲಿ ಅದೊಂದೇ ಖಾಲಿ ಜಾಗ. ಭಾನುವಾರ ಅವರ ಹಳೆಯ ಶಾಲೆಯಲ್ಲಿ ಪ್ರದರ್ಶನ. ಕೈಯಾರೆ ಒಯ್ದು ಕೊಡಬೇಕು. ಆದರೆ ನಮ್ಮಣ್ಣನವರಿಗೆ ಪ್ರಪಂಚದ ದೇಶಗಳೆಲ್ಲ ಗೊತ್ತು, ಬಸ್ ನಿಲ್ದಾಣ ಎಲ್ಲಿದೆ ಎನ್ನುವುದು ಗೊತ್ತಿಲ್ಲ.

ಶನಿವಾರ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಇಸ್ತ್ರಿ ಮಾಡಿದ ಶರ್ಟು, ಎದೆಗೊತ್ತಿಕೊಂಡ ಪೊಟ್ಟಣ. ಗೋಡೆಯನ್ನು ನೋಡುತ್ತ, "ಆ ಊರಿನ ಬಸ್ಸು ಎಲ್ಲಿಂದ ಹೊರಡುತ್ತೆ ಅಂತ ಈ ಮನೇಲಿ ಯಾರಿಗಾದ್ರೂ ಗೊತ್ತಿದ್ರೆ..." ಎಂದರು.

ನಾನು ನಾಣ್ಯ ಉಜ್ಜುತ್ತಿದ್ದೆ. ನಾಣ್ಯಕ್ಕೇ ಹೇಳಿದೆ: "ಎರಡು ಬಸ್ಸು ಬದಲಾಯಿಸ್ಬೇಕು. ಒಬ್ಬರೇ ಹೋದ್ರೆ ಕಳೆದುಹೋಗ್ತಾರೆ." ಚಪ್ಪಲಿ ಮೆಟ್ಟಿಕೊಂಡೆ.

ಕಿಟಕಿಯ ಪಕ್ಕ ಅವರನ್ನು ಕೂರಿಸಿದೆ. ದಾರಿಯುದ್ದಕ್ಕೂ ಮಾತಿಲ್ಲ. ಕಂಡಕ್ಟರ್ ಬಂದಾಗ ಮಾತ್ರ ಇಬ್ಬರೂ ಒಟ್ಟಿಗೇ "ಎರಡು" ಎಂದೆವು.

ಆ ಅಮ್ಮ ಬಾಗಿಲು ತೆರೆದರು. ಪುಟ್ಟ ಆಕಾರ, ದಪ್ಪ ಕನ್ನಡಕ. ಅವರ ಮೇಜಿನ ಮೇಲೆ ನಮ್ಮ ಎರಡೂ ಕಂಪನಿಗಳ ಕ್ಯಾಟಲಾಗುಗಳು! ಅವರು ಅಣ್ಣನಿಂದ ಸ್ಟಾಂಪನ್ನೂ ನನ್ನಿಂದ ನಾಣ್ಯವನ್ನೂ ತರಿಸುತ್ತಿದ್ದವರು. ಅಣ್ಣ ಪರಿಚಯ ಹೇಳಿಕೊಂಡ. ನಾನೂ ಹೇಳಿಕೊಂಡೆ. ಕನ್ನಡಕ ಸರಿಮಾಡಿಕೊಂಡು ಇಬ್ಬರನ್ನೂ ನೋಡಿದರು. "ಅಲ್ಲಾ, ವಿಳಾಸ ಒಂದೇ ಆದ್ರೂ ನೀವಿಬ್ಬರೂ ಎದುರಾಳಿಗಳಲ್ವಾ? ಒಂದೇ ಬಸ್ಸಲ್ಲಿ ಹೇಗೆ ಬಂದ್ರಿ?"

ನಾನು ನೆಲ ನೋಡಿದೆ. ಅಣ್ಣ ಕೆಮ್ಮಿದ. "ಎದುರಾಳಿ ಅಲ್ಲಮ್ಮ," ಎಂದ. "ಇವನು ನನ್ನ ತಮ್ಮ."

ಕ್ಷಮಿಸಿ, ಸ್ವಲ್ಪ ನೀರು.

ಆ ಅಮ್ಮ ಒಂದು ಗಳಿಗೆ ಯೋಚಿಸಿ, "ಹಾಗಾದ್ರೆ ಇಷ್ಟು ವರ್ಷ ನನ್ನ ಹತ್ರ ಎರಡೆರಡು ಅಂಚೆ ವೆಚ್ಚ ಯಾಕೆ ತಗೊಂಡ್ರಿ?" ಎಂದರು. ಅದಕ್ಕೆ ಪರಿಹಾರವಾಗಿ ಒಂದು ಬೆಳ್ಳಿ ನಾಣ್ಯವನ್ನು ಉಚಿತವಾಗಿ ಕಳಿಸುತ್ತೇವೆಂದು ಅಣ್ಣ ಒಪ್ಪಿಕೊಂಡುಬಿಟ್ಟ. ನಾಣ್ಯ ನನ್ನದು, ಗಮನಿಸಿ!

ವಾಪಸು ಬರುವ ಬಸ್ಸಿನಲ್ಲಿ ಅಣ್ಣ ಹೊರಗೆ ನೋಡುತ್ತಲೇ ಕೇಳಿದ. "ಮನೆ ನೋಡಿದ್ದೀಯಂತೆ." ಹೇಳಲ್ಲ ಎಂದಿದ್ದ ಅತ್ತಿಗೆ ಹೇಳಿಯೇಬಿಟ್ಟಿದ್ದರು.

"ಹೂಂ."

"ಗಾಳಿ ಬೆಳಕು?"

"ಚೆನ್ನಾಗಿದೆ."

"ನೀರು?"

"ಎರಡು ಹೊತ್ತೂ ಬರುತ್ತೆ."

ಕಿಟಕಿಯ ಗಾಜು ಸರಿಸಿದ. ಆಮೇಲೆ, "ದೂರ ಆಗಲ್ವೇನೋ?" ಎಂದ.

ಸಭಿಕರೇ, ನಾನು ಕಂಡಕ್ಟರ್ ಆಗಿದ್ದವನು. ಆ ಬಡಾವಣೆ ನಮ್ಮ ಮನೆಯಿಂದ ಮೂರೇ ಸ್ಟಾಪು. ಆದರೂ ನನ್ನ ಬಾಯಿಂದ ಬಂದದ್ದು, "ದೂರ ಆಗುತ್ತಣ್ಣ."

"ಹಾಗಾದ್ರೆ ಬೇಡ ಬಿಡು" ಎಂದ.

ಮುಂದಿನ ಕ್ಯಾಟಲಾಗು ಒಂದೇ ಬಂತು. ಮೊದಲ ಪುಟದಲ್ಲಿ ಯಾರ ಸರಕಿರಬೇಕು ಎಂಬ ಜಗಳ ಇವತ್ತಿನವರೆಗೂ ನಡೆಯುತ್ತಿದೆ, ಆದರೆ ಬಾಯಿಬಿಟ್ಟು ನಡೆಯುತ್ತಿದೆ. ನಮ್ಮನ್ನು ಸಹಿಸಿಕೊಂಡ ಅತ್ತಿಗೆಗೆ, ಮೊದಲ ಸಾಲಿನಿಂದ ನನಗೆ ಕಣ್ಣು ಬಿಡುತ್ತಿರುವ ನನ್ನ ಹೆಂಡತಿಗೆ, ಈ ಗೌರವ ಕೊಟ್ಟ ಸಂಘಕ್ಕೆ, ಕೇಳಿದ ತಮಗೆಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ವೇದಿಕೆಯ ಮೆಟ್ಟಿಲು ಕಡಿದಾಗಿದೆ, ಅಣ್ಣನನ್ನು ಕೈಹಿಡಿದು ಇಳಿಸಬೇಕು. ಅದಕ್ಕೇ ಇಲ್ಲಿಗೆ ಮುಗಿಸುತ್ತೇನೆ. ನಮಸ್ಕಾರ.