ಕೊಳ್ಳಿದೆವ್ವ ಹುಟ್ಟಿದ ಬಗೆ

ಮಾನ್ಯ ಅಧ್ಯಕ್ಷರಾದ ರಾಮನಾಥ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಉಪ್ಪಿಟ್ಟು ಮುಗಿಸಿ ಈಗಷ್ಟೇ ಒಳಗೆ ಬಂದ ಸಭಿಕರೇ,

ಕಡಲಾಚೆಯ ಡ್ಯಾನ್‌ವಿಲ್‌ನ ಈ ಸಭಾಂಗಣದಲ್ಲಿ, ಎಂಬತ್ತೇಳನೆಯ ಇಸವಿಯ ರಾಜ್ಯೋತ್ಸವಕ್ಕೆ, ಒಂದು ಕನ್ನಡ ಪದದ ಬಗ್ಗೆ ಮಾತಾಡಿ ಎಂದಿರಿ. "ಬಂಗಾರೆವ್ವ ಟೀಚರ್, ಬೈಬೇಡಿ, ಏನಾದ್ರೂ ಲೈಟಾಗಿ ಹೇಳಿ" ಎಂದರು ಅಧ್ಯಕ್ಷರು. ಗದಗಿನಲ್ಲಿ ಹುಡುಗರ ಕಿವಿ ಹಿಂಡಿ ಬಂದವಳು ನಾನು, ಪ್ರಯತ್ನ ಮಾಡುತ್ತೇನೆ.

ಪದ, ಕೊಳ್ಳಿದೆವ್ವ. ಕೊಳ್ಳಿ ಎಂದರೆ ಉರಿಯುವ ಸೌದೆ. ಕತ್ತಲಲ್ಲಿ ದೂರದಿಂದ ಬೆಂಕಿ ಕಾಣುತ್ತದೆ, ಹಿಡಿದ ಕೈ ಕಾಣುವುದಿಲ್ಲ. ಹತ್ತಿರ ಹೋದರೆ ಕೈಯೂ ಕಂಡೀತು. ಹೋಗುವವರು ಯಾರು? ಹೋಗದವರೇ ಈ ಪದ ಹುಟ್ಟಿಸಿದರು ಎಂಬುದು ನನ್ನ ವಾದ.

ನಮ್ಮೂರಿನ ಕೊಳ್ಳಿದೆವ್ವವನ್ನು ನಾನು ಬಲ್ಲೆ. ನನ್ನವ್ವ ಗಂಡ ಸತ್ತವಳು. ಮನೆಯಲ್ಲಿ ಕಡ್ಡಿಪೆಟ್ಟಿಗೆ ಇರುತ್ತಿರಲಿಲ್ಲ. ಮುಸ್ಸಂಜೆ ಹೊಲದಾಚೆಯ ಹುಚ್ಚಮ್ಮನ ಒಲೆಯಿಂದ ಕೊಳ್ಳಿ ತೆಗೆದುಕೊಂಡು, ಆರದಂತೆ ಬೀಸುತ್ತಾ ಬರುತ್ತಿದ್ದಳು. ಊರವರು ಬಾಗಿಲು ಹಾಕಿಕೊಳ್ಳುತ್ತಿದ್ದರು. "ಹೊರಗ ನಿಲ್ಲಬ್ಯಾಡ, ಕೊಳ್ಳಿದೆವ್ವ ಬಂದೈತಿ" ಎಂದು ನನಗೇ ಹೇಳುತ್ತಿದ್ದರು! ಆ ದೆವ್ವ ಮನೆಗೆ ಬಂದು ನನಗೆ ರೊಟ್ಟಿ ಸುಡುತ್ತಿತ್ತು. ಇರಲಿ, ವಿಷಯಕ್ಕೆ ಬರೋಣ.

ಅವರೇನೋ ಓದದ ಜನ. ನೀವು? ರೆಡ್‌ವುಡ್ ಸಿಟಿಯಲ್ಲಿ ಹಗಲೆಲ್ಲ ಕಂಪ್ಯೂಟರಿಗೆ ಬುದ್ಧಿ ಹೇಳುತ್ತೀರಿ. ಸಂಜೆ ಫ್ರೀವೇ ಇಳಿದು ಬರುವಾಗ, ಮಂಗಳೂರಿನ ವಿಮಲಾ ಅವರ ಮನೆಯ ಕಾರು ನಿಲ್ಲಿಸುವ ಗರಾಜಿನ ಕಿಟಕಿಯಲ್ಲಿ ಬೆಂಕಿ ಆಡುವುದನ್ನು ಕಂಡು ಕಾರು ಜೋರಾಗಿ ಓಡಿಸುತ್ತೀರಿ. "ಗಂಡ ಜಯಕರ ತೀರಿಹೋದಾಗಿನಿಂದ ಆ ಮನೆ ಸರಿ ಇಲ್ಲಾರೀ" ಎನ್ನುತ್ತೀರಿ. ಅವರು ಹೇಳಿಕೊಡುವ ಶನಿವಾರದ ಕನ್ನಡ ಪಾಠಕ್ಕೆ ಮಕ್ಕಳನ್ನು ಕಳಿಸುವುದನ್ನೂ ಬಿಟ್ಟಿರಿ. ಎಂಥ ವಿದ್ಯಾವಂತರಪ್ಪ!

ನಾನು ಹೋಗಿ ಬೆಲ್ಲು ಒತ್ತಿದೆ. ಅಷ್ಟೇ ನನ್ನ ಸಂಶೋಧನೆ. "ಒಳಗೆ ಕರ್ಪೂರ ಹಚ್ಚಿದ್ರೆ ಸ್ಮೋಕ್ ಅಲಾರ್ಮು ಕಿರುಚ್ತದೆ ಟೀಚರ್. ಹಾಗಾಗಿ ದೇವರನ್ನು ಗರಾಜಿನಲ್ಲಿ ಇಟ್ಟಿದ್ದೇನೆ, ಅಲ್ಲೇ ಆರತಿ ಮಾಡ್ತೇನೆ" ಎಂದರು. ಒಗ್ಗರಣೆ ಹಾಕಿದಾಗಲೆಲ್ಲ ತಮ್ಮ ಮನೆಯ ಅಂಥದೇ ಅಲಾರ್ಮಿನ ಕೆಳಗೆ ನಿಂತು, ಹೊಗೆ ಓಡಿಸಲು ಟವೆಲ್ಲು ಬೀಸುವವರು ಯಾರು? ನೀವೇ ಅಲ್ಲವೇ? ಆದರೂ ಒಬ್ಬರಿಗೂ ಹೊಳೆಯಲಿಲ್ಲ.

ವಿಮಲಾ ಅವರು ಕೊನೆಯ ಸಾಲಿನಲ್ಲಿದ್ದಾರೆ. ಅವರ ಎರಡೂ ಪಕ್ಕದ ಕುರ್ಚಿಗಳನ್ನು ಖಾಲಿ ಬಿಟ್ಟಿದ್ದೀರಿ. ನನ್ನವ್ವನ ಪಕ್ಕದಲ್ಲೂ ಯಾರೂ ಕೂರುತ್ತಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅಧ್ಯಕ್ಷರೇ, ಶಾಲು ಬೇಡ. ಕೇಳಿಸಿಕೊಂಡ ನಿಮಗೆಲ್ಲ ವಂದನೆ. ಈಗ ಹೋಗಿ ಅವರ ಪಕ್ಕದ ಒಂದು ಕುರ್ಚಿಯಲ್ಲಿ ಕೂರುತ್ತೇನೆ. ಇನ್ನೊಂದು ಖಾಲಿ ಇದೆ. ಯಾರು ಬರುತ್ತೀರೋ ಅಲ್ಲಿಂದಲೇ ನೋಡುತ್ತಿರುತ್ತೇನೆ. ನಮಸ್ಕಾರ.